ಬಾಳೆಯ ಸೊರಗು ರೋಗ: ಕಂದು ಎಲ್ಲಿಂದ ಬಂತು?

ಹೊಸಪೇಟೆ, ಕಮಲಾಪುರ, ಕಂಪ್ಲಿಯ ಬಾಳೆ ತೋಟಗಳು ತುಂಗಭದ್ರೆಯ ಕಾಲುವೆಗಳನ್ನು ನಂಬಿ ಬೆಳೆದವು. ವಿಜಯನಗರದ ಕಾಲದ ಕಾಲುವೆಗಳೂ ಅಲ್ಲಿ ಇಂದಿಗೂ ಹರಿಯುತ್ತಿವೆ. ಸಂಡೂರು ತಾಲ್ಲೂಕಿನ ಚೋರನೂರಿನ ಕಡೆಗೆ ಆ ಭಾಗ್ಯವಿಲ್ಲ, ಬಾಳೆ ಇಡಬೇಕೆಂದರೆ ಬೋರ್‌ವೆಲ್ಲೇ ಗತಿ. ಆದರೂ ಒಂದು ವಿಷಯದಲ್ಲಿ ಈ ಒಣಭೂಮಿಯ ರೈತನೇ ಮೇಲು ಎನ್ನುತ್ತೇನೆ. ಹಿಂದೆಂದೂ ಬಾಳೆ ಕಾಣದ ಹೊಲದಲ್ಲಿ ಪನಾಮಾ ಸೊರಗು ರೋಗದ ಶಿಲೀಂಧ್ರ ಇರುವ ಸಂಭವ ತೀರಾ ಕಡಿಮೆ. ಅಂಥ ಮಣ್ಣಿಗೆ ರೋಗ ಬಂತೆಂದರೆ ಬಹುಮಟ್ಟಿಗೆ ನಾವೇ ತಂದು ನೆಟ್ಟ ಕಂದಿನ ಗಡ್ಡೆಯಲ್ಲೇ ಬಂದಿರುತ್ತದೆ.

ಫ್ಯುಸೇರಿಯಂ ಎಂಬ ಈ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಮೇಲೇರುವ ನಾಳಗಳನ್ನು ಮುಚ್ಚಿಬಿಡುತ್ತದೆ. ಮೊದಲು ಕೆಳಗಿನ ಹಳೆಯ ಎಲೆಗಳ ಅಂಚು ಹಳದಿಯಾಗುತ್ತದೆ, ತೊಟ್ಟು ಮುರಿದು ಎಲೆಗಳು ಜೋತುಬೀಳುತ್ತವೆ, ದಿಂಡಿನ ಬುಡ ಸೀಳುತ್ತದೆ. ಗಡ್ಡೆಯನ್ನು ಕೊಯ್ದರೆ ಒಳಗೆ ಕೆಂಗಂದು ಕಲೆಗಳು. ಗಿಡ ಬಾಡಿದ್ದು ಕಂಡು, ನೀರು ಸಾಲದಾಯಿತೇನೋ ಎಂದು ಇನ್ನಷ್ಟು ನೀರು ಬಿಡುವವರಿದ್ದಾರೆ. ಆ ನೀರೇ ಹರಿದು ಮುಂದಿನ ಸಾಲಿಗೆ ರೋಗ ಒಯ್ಯುತ್ತದೆ. ಔಷಧಿ ಸುರಿದರೆ ಹೋಗದೇ ಎಂದು ಕೇಳಬಹುದು. ನಾಳದೊಳಗೆ ನೆಲೆಯೂರಿದ ಮೇಲೆ ಆ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ನಾಟಿಯ ಹೊತ್ತಿಗೇ ಕೊಟ್ಟರೆ ತಕ್ಕಮಟ್ಟಿಗೆ ನೆರವಾದೀತು, ಅಷ್ಟೆ. ಒಂದೆರಡು ಬೆಳೆ ಭತ್ತ ಹಾಕಿ ನೀರು ನಿಲ್ಲಿಸಿದರೆ ಸಾಕಲ್ಲ ಎಂಬ ಕಾಲುವೆ ಸೀಮೆಯ ಮಾತಿನಲ್ಲಿ ಅರ್ಥವಿದೆ, ರೋಗದ ಬಲ ಕುಗ್ಗುತ್ತದೆ. ಆದರೆ ದಪ್ಪ ಕವಚದ ಬೀಜಕಣಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರಬಲ್ಲವು. ಹಣಕ್ಕೆ ಕೊರತೆಯಿಲ್ಲದ ಮಧ್ಯ ಅಮೆರಿಕದ ಬಾಳೆ ಕಂಪನಿಗಳೇ ಕಳೆದ ಶತಮಾನದ ನಡುಭಾಗದಲ್ಲಿ ಈ ರೋಗಕ್ಕೆ ಸೋತು, ಗ್ರೋ ಮಿಷೆಲ್ ತಳಿಯನ್ನು ಕೈಬಿಟ್ಟವು. ನಮ್ಮ ನಂಜನಗೂಡು ರಸಬಾಳೆ ತನ್ನ ನೆಲದಲ್ಲೇ ಅಪರೂಪವಾಗಲು ಇದೇ ದೊಡ್ಡ ಕಾರಣ. ಏಲಕ್ಕಿ ಬಾಳೆಗೂ ಇದು ತಗಲುತ್ತದೆ. ಜಿ-9 ತಳಿ ಹಾಕಿದವರಿಗೆ ಚಿಂತೆಯಿಲ್ಲ ಎಂಬ ಧೈರ್ಯವೂ ಈಗ ಉಳಿದಿಲ್ಲ. ಜಿ-9 ಬಾಳೆಯನ್ನೂ ಕೊಲ್ಲುವ, ಇದೇ ಶಿಲೀಂಧ್ರದ ಟಿಆರ್-4 ಬಗೆ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ.

ಹಾಗಾದರೆ ಕಂದಿನ ಬದಲು, ರೋಗ ಹೊತ್ತು ತರದ ಅಂಗಾಂಶ ಕೃಷಿಯ ಸಸಿ ತರೋಣವೆಂದರೆ, ಪಕ್ಕದ ತೋಟದ ಕಂದು ಪುಕ್ಕಟೆ ಸಿಗುವಾಗ ದುಡ್ಡು ಕೊಡುವುದೇಕೆ ಎಂಬ ಆಕ್ಷೇಪ ಬರುತ್ತದೆ. ಸಣ್ಣ ರೈತನಿಗೆ ಅದು ಭಾರವೇ, ಅಲ್ಲಗಳೆಯುವುದಿಲ್ಲ. ಆ ಸಸಿಗೆ ರೋಗನಿರೋಧಕ ಶಕ್ತಿಯೂ ಇಲ್ಲ, ರೋಗದ ಮಣ್ಣಿನಲ್ಲಿ ನೆಟ್ಟರೆ ಅದೂ ಸಾಯುತ್ತದೆ. ಆದರೆ ಪುಕ್ಕಟೆ ಕಂದು ಒಂದು ಬೆಳೆಯನ್ನಷ್ಟೇ ಅಲ್ಲ, ಹೊಲವನ್ನೇ ಮುಂದಿನ ಎಷ್ಟೋ ವರ್ಷ ಕೆಡಿಸಬಹುದು. ಎಲೆಗಳನ್ನು ತುದಿಯಲ್ಲಿ ಗಿಡ್ಡವಾಗಿ ಗೊಂಚಲುಗಟ್ಟಿಸುವ ಬಂಚಿ ಟಾಪ್ ನಂಜು ಕೂಡ, ಲಕ್ಷಣ ತೋರಿಸದೆ, ಕಂದಿನೊಳಗೆ ಅಡಗಿ ಬರುತ್ತದೆ. ಆಮೇಲೆ ಗಿಡಹೇನುಗಳು ಅದನ್ನು ತೋಟವೆಲ್ಲ ಹರಡುತ್ತವೆ. ಸಸಿ ಕೊಳ್ಳುವವರು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಆರಂಭಿಸಿದ ಸಸಿ ಪ್ರಮಾಣೀಕರಣ ವ್ಯವಸ್ಥೆಯ ಪ್ರಮಾಣಪತ್ರ ಕೇಳಲಿ. ಕಂದನ್ನೇ ನೆಡುವವರು ಅದರ ತಾಯಿ ತೋಟವನ್ನು ಸ್ವತಃ ನೋಡಿ, ಗಡ್ಡೆ ಕೆತ್ತಿ ಪರೀಕ್ಷಿಸಲಿ. ಕಲೆ ಕಂಡ ಗಡ್ಡೆ ಬೇಡವೇ ಬೇಡ. ತೋಟದಲ್ಲಿ ಗಿಡ ಸೊರಗಿತೆಂದರೆ ಅದರ ಬುಡದ ಕಂದುಗಳು ಎಷ್ಟೇ ಹಸಿರಾಗಿದ್ದರೂ ಯಾರಿಗೂ ಕೊಡಬಾರದು. ಗಡ್ಡೆಸಮೇತ ಕಿತ್ತು ಅಲ್ಲೇ ಸುಟ್ಟು, ಗುಂಡಿಗೆ ಸುಣ್ಣ ಹಾಕಿ, ಅಗೆದ ಗುದ್ದಲಿಯನ್ನು ಮಣ್ಣು ಹೋಗುವಂತೆ ತೊಳೆದ ಮೇಲೆಯೇ ಬೇರೆ ಸಾಲಿಗೆ ಒಯ್ಯಬೇಕು.