ಹೊಟ್ಟೆ ನೋವನ್ನೆಲ್ಲ ‘ಗ್ಯಾಸ್’ ಅನ್ನಬೇಡಿ
(ಸಿಡ್ನಿ, ಮೆಲ್ಬೋರ್ನ್‌ನಲ್ಲಿ ದುಡಿಯುವ ನಮ್ಮವರಿಗಾಗಿ ಮಾಡಿದ ಭಾಷಣದ ಬರಹರೂಪ)

 

ಹೊಟ್ಟೆ ನೋವು ಬಂದರೆ ನಾವು ಮೊದಲು ಹೇಳುವ ಮಾತು ‘ಗ್ಯಾಸ್ ಆಗಿರಬೇಕು’. ಸ್ವಲ್ಪ ಜೀರಿಗೆ ನೀರು, ಒಂದು ಮಾತ್ರೆ, ಮತ್ತೆ ಶಿಫ್ಟಿಗೆ ಹೊರಟೆವು. ಹೆಚ್ಚಿನ ಸಲ ಅದು ಗ್ಯಾಸೇ. ಆದರೆ ಜೀವ ತೆಗೆಯುವ ನೋವೂ ಒಂದಿದೆ.

ಹೊಟ್ಟೆಯ ಒಳಗೋಡೆಯನ್ನೂ ಕರುಳನ್ನೂ ಒಂದು ತೆಳು ಪೊರೆ ಆವರಿಸಿದೆ. ಅದಕ್ಕೆ ಉರಿಯೂತ ಆದರೆ ಪೆರಿಟೋನೈಟಿಸ್. ಅಪೆಂಡಿಕ್ಸ್ ಒಡೆದರೆ, ಜಠರದ ಹುಣ್ಣು ತೂತಾದರೆ, ಹೊಟ್ಟೆಗೆ ಪೆಟ್ಟು ಬಿದ್ದು ಕರುಳು ಹರಿದರೆ, ಒಳಗಿನ ಕೊಳೆ ಈ ಪೊರೆಗೆ ತಗಲುತ್ತದೆ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೂ, ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡುವವರಿಗೂ ಬರಬಹುದು. ಕ್ಷಯದಿಂದಲೂ ಬರುತ್ತದೆ.

ಭಾರ ಎತ್ತುವ ಕೆಲಸದವರು ಒಂದು ಮಾತು ಕೇಳಿ. ಇಲ್ಲಿ ಸೂಪರ್ ಮಾರ್ಕೆಟಿನಲ್ಲೇ ಸಿಗುವ ಐಬುಪ್ರೊಫೆನ್ ಅನ್ನು ಬೆನ್ನುನೋವಿಗೆಂದು ದಿನಾ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು.

ಗುರುತು ಹೀಗೆ: ನೋವು ಹೊಟ್ಟೆಯಿಡೀ ಹರಡುತ್ತದೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ. ಕೆಮ್ಮಿದರೆ, ನಡೆದರೆ ನೋವು ಜಾಸ್ತಿ. ಜ್ವರ, ವಾಂತಿ ಇರಬಹುದು. ಗ್ಯಾಸ್ ನೋವಿನವ ಹೊರಳಾಡುತ್ತಾನೆ. ಇವನು ಅಲುಗಾಡದೆ ಮಲಗುತ್ತಾನೆ. ಅಪೆಂಡಿಕ್ಸ್ ನೋವು ಹೊಕ್ಕುಳ ಬಳಿ ಶುರುವಾಗಿ ಬಲ ಕೆಳಹೊಟ್ಟೆಗೆ ಇಳಿಯುತ್ತದೆ. ಅದು ಫಕ್ಕನೆ ಕಡಿಮೆಯಾದರೆ ಗುಣವಾಯಿತು ಅಂದುಕೊಳ್ಳಬೇಡಿ, ಒಡೆದಿರಲೂಬಹುದು.

ಜಾದೂಗಾರ ಹೂಡಿನಿ ಹೆಸರು ಕೇಳಿರಬಹುದು. ಜ್ವರ, ಹೊಟ್ಟೆನೋವು ಇದ್ದರೂ ಡೆಟ್ರಾಯಿಟ್‌ನಲ್ಲಿ ಪ್ರದರ್ಶನ ಕೊಟ್ಟ. ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆದರೂ 1926ರ ಅಕ್ಟೋಬರ್ 31ರಂದು ಪೆರಿಟೋನೈಟಿಸ್‌ನಿಂದ ತೀರಿಕೊಂಡ. ಆಗ ಪೆನ್ಸಿಲಿನ್ ಇರಲಿಲ್ಲ. ಈಗ ಆಂಟಿಬಯಾಟಿಕ್ ಇದೆ, ಆದರೆ ಸಮಯಕ್ಕೆ ಆಸ್ಪತ್ರೆ ಸೇರಬೇಕು.

ನಮ್ಮವರು ತಡಮಾಡುವುದು ಸಂಬಳ ಹೋಗುತ್ತದೆ, ಬಿಲ್ ಬರುತ್ತದೆ ಎಂಬ ಹೆದರಿಕೆಗೆ. ಆ ಹೆದರಿಕೆ ಸುಳ್ಳಲ್ಲ. ತಾತ್ಕಾಲಿಕ ವೀಸಾದ ಹೆಚ್ಚಿನವರಿಗೆ ಮೆಡಿಕೇರ್ ಇಲ್ಲ. ಸಿಡ್ನಿ, ಮೆಲ್ಬೋರ್ನ್ ಎರಡರಲ್ಲೂ ಆಂಬುಲೆನ್ಸಿಗೂ ದುಡ್ಡು ಇದೆ. ಆದ್ದರಿಂದ ಹುಷಾರಾಗಿರುವಾಗಲೇ ನಿಮ್ಮ ವಿಮೆಯ ಕಾಗದ ಓದಿ, ಆಂಬುಲೆನ್ಸ್ ಸೇರಿದೆಯಾ ನೋಡಿ. ಫುಲ್ ಟೈಮ್ ಖಾಯಂ ಕೆಲಸದವರಿಗೆ ವರ್ಷಕ್ಕೆ 10 ದಿನ ಸಂಬಳಸಹಿತ ರಜೆ ಇದೆ, ಕ್ಯಾಶುವಲ್‌ನವರಿಗೆ ಇಲ್ಲ. ಆದರೂ ಬಿಲ್ಲನ್ನು ಕಂತಿನಲ್ಲಿ ಕಟ್ಟುವ ಬಗ್ಗೆ ಆಸ್ಪತ್ರೆಯವರಲ್ಲಿ ಮಾತಾಡಬಹುದು. ಹೋದ ಜೀವ ಕಂತಿನಲ್ಲಿ ಬರುವುದಿಲ್ಲ.

ಇಂಥ ನೋವು ಬಂದರೆ 000ಗೆ ಫೋನ್ ಮಾಡಿ. ಭೇದಿ ಮಾತ್ರೆ ಬೇಡ, ಹೊಟ್ಟೆ ತಿಕ್ಕುವುದು ಬೇಡ, ಡಾಕ್ಟರ್ ನೋಡುವವರೆಗೆ ಊಟವೂ ಬೇಡ. ಇಂಗ್ಲಿಷ್ ಬಾರದಿದ್ದರೆ ಆಸ್ಪತ್ರೆಯಲ್ಲಿ ‘ಕನ್ನಡ ಇಂಟರ್‌ಪ್ರಿಟರ್’ ಎಂದು ಕೇಳಿ. ದುಭಾಷಿ ಸೇವೆಯ ನಂಬರ್ 131 450. ರೂಮಿನಲ್ಲಿ ಒಬ್ಬ ಹೀಗೆ ಮಲಗಿದ್ದರೆ ಅವನನ್ನು ಒಬ್ಬನೇ ಬಿಟ್ಟು ಶಿಫ್ಟಿಗೆ ಹೋಗಬೇಡಿ. ಊರಲ್ಲಿ ಅವನ ಫೋನಿಗೆ ಕಾಯುವವರಿದ್ದಾರೆ.