ಬೂಟಿಲ್ಲದ್ದಕ್ಕೆ ಸೋತೆವೇ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ದಾವಣಗೆರೆಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಅವರ ಕ್ಷಮೆ ಕೇಳಿ ಬೇರೆ ವಿಷಯ ತೆಗೆದುಕೊಳ್ಳುತ್ತೇನೆ. ಈ ಶಾಲೆಗೆ ನಾನು ತೀರಿಸಬೇಕಾದ ಒಂದು ಸಾಲವಿದೆ. ಅದು ಬ್ಯಾಂಡ್ ಸೆಟ್ಟಿನ ಸಾಲ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಗೆ ಒಂದು ಹಳೆಯ ಬ್ಯಾಂಡ್ ಸೆಟ್ ಬಂತು. ಒಂದು ದೊಡ್ಡ ಡ್ರಮ್, ಎರಡು ಸೈಡ್ ಡ್ರಮ್, ಒಂದು ಜೊತೆ ಕಂಚಿನ ತಾಳ, ಎರಡು ಬ್ಯೂಗಲ್. ಒಂದು ಬ್ಯೂಗಲ್ ಸೊಟ್ಟಗಾಗಿತ್ತು. ದೊಡ್ಡ ಡ್ರಮ್ಮಿನ ಹಗ್ಗ ತುಂಡಾಗಿತ್ತು, ಅದಕ್ಕೆ ಎತ್ತಿನ ಹಗ್ಗ ಕಟ್ಟಿದೆವು. ನಮ್ಮ ಪಿ.ಟಿ. ಮೇಷ್ಟ್ರಿಗೆ ಪರೇಡ್ ಗೊತ್ತಿತ್ತು, ಊದುವುದು ಗೊತ್ತಿರಲಿಲ್ಲ. ಆಗ ಮುಂದೆ ಬಂದವನು ನನ್ನ ಪಕ್ಕದ ಬೆಂಚಿನ ಗೆಳೆಯ. ಅವರಪ್ಪ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಅವನೇ ನಮಗೆಲ್ಲ ಮೊದಲ ಪಾಠ ಹೇಳಿದ: "ಗಾಳಿ ಊದೋದಲ್ಲಲೇ, ತುಟಿ ನಡುಗಿಸೋದು."

ಈ ಮಾತು ಎಷ್ಟು ಸರಿ ಎಂದು ನನಗೆ ಇಂಜಿನಿಯರಿಂಗಿನಲ್ಲಿ ಭೌತಶಾಸ್ತ್ರ ಓದಿದಾಗ ತಿಳಿಯಿತು. ಬ್ಯೂಗಲ್ಲಿಗೆ ಗುಂಡಿಗಳಿಲ್ಲ. ಕೊಳವೆಯ ಉದ್ದ ಒಂದೇ. ತುಟಿಯ ಬಿಗಿ ಬದಲಾಯಿಸಿ ಅದರಿಂದ ನಾಲ್ಕೈದು ಸ್ವರ ತೆಗೆಯಬಹುದು, ಅಷ್ಟೇ. ಟ್ರಂಪೆಟ್ಟಿಗೆ ಮೂರು ಗುಂಡಿಗಳು. ಒಂದೊಂದು ಗುಂಡಿ ಒತ್ತಿದಾಗಲೂ ಗಾಳಿಯ ದಾರಿ ಒಂದಿಷ್ಟು ಉದ್ದವಾಗುತ್ತದೆ, ಸ್ವರ ಕೆಳಗಿಳಿಯುತ್ತದೆ. ನಡುವಿನದು ಅರ್ಧ ಸ್ವರ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಮೂರು ಗುಂಡಿಗೆ ಒಟ್ಟು ಎಂಟು ಜೋಡಣೆ. ಮಕ್ಕಳೇ, ಕಂಪ್ಯೂಟರಿನ ಮೂರು ಬಿಟ್‌ಗೂ ಎಂಟೇ ಜೋಡಣೆ. ಮುಖ್ಯೋಪಾಧ್ಯಾಯರು ಹೇಳಿದ ಕಂಪ್ಯೂಟರ್ ವಿಷಯ ಇಲ್ಲಿಗೆ ಮುಗಿಯಿತು.

ಆ ವರ್ಷ ಸ್ವಾತಂತ್ರ್ಯೋತ್ಸವದ ಪಥಸಂಚಲನಕ್ಕೆ ನಮ್ಮ ಬ್ಯಾಂಡೂ ಹೊರಟಿತು. ಒಳ್ಳೆಯ ಬ್ಯಾಂಡಿಗೆ ಬಹುಮಾನವಿತ್ತು. ಒಂದು ತಿಂಗಳು ಬೆಳಿಗ್ಗೆ ಆರಕ್ಕೆ ಕಾವಲಿನ ಅಂಚಿನಲ್ಲಿ ಅಭ್ಯಾಸ ಮಾಡಿದೆವು. ಆಗಿನ್ನೂ ಅಲ್ಲಿ ಕಾಂಪೌಂಡ್ ಗೋಡೆ ಎದ್ದಿರಲಿಲ್ಲ. ಕುರಿ ಹಿಂಡು ಹೊಡೆದುಕೊಂಡು ಬರುತ್ತಿದ್ದ ಹಿರಿಯರು ಕಂಬಳಿ ಹೊದ್ದು ನಿಂತು ಕೇಳುತ್ತಿದ್ದರು. ಒಬ್ಬರು ಒಂದು ದಿನ ನನ್ನನ್ನು ಕರೆದು, "ಉರುಮೆ ಹೊಡೆಯೋರು ಕುಣಿಯೋರ ಕಾಲು ನೋಡ್ತಾರೆ ಕಣಪ್ಪ, ನೀನು ಆಕಾಶ ನೋಡ್ತೀಯ" ಎಂದರು. ನಾನು ದೊಡ್ಡ ಡ್ರಮ್ ಹೊಡೆಯುತ್ತಿದ್ದೆ. ನಕ್ಕು ಸುಮ್ಮನಾದೆ.

ಸ್ಪರ್ಧೆಯ ದಿನ ನಾವು ಸೋತೆವು. ಗೆದ್ದ ಶಾಲೆಯ ಮಕ್ಕಳಿಗೆ ಬಿಳಿ ಬೂಟು, ಕೆಂಪು ಪಟ್ಟಿ, ತಲೆಗೆ ಗರಿ. ನಮ್ಮಲ್ಲಿ ಅರ್ಧ ಜನಕ್ಕೆ ಹವಾಯಿ ಚಪ್ಪಲಿ. "ಬೂಟಿಲ್ಲದ್ದಕ್ಕೆ ಸೋತೆವು" ಎಂಬ ಕಥೆಯನ್ನು ನಾನು ಹಾಸ್ಟೆಲ್ಲಿನಲ್ಲಿ, ಆಫೀಸಿನಲ್ಲಿ, ನನ್ನ ಮದುವೆಯಲ್ಲಿ ಕೂಡ ಹೇಳಿದ್ದೇನೆ. ಕೇಳಿದವರೆಲ್ಲ ಅಯ್ಯೋ ಎಂದಿದ್ದಾರೆ.

ಆ ಕಥೆ ಪೂರ್ತಿ ನಿಜವಲ್ಲ. ತೀರ್ಪುಗಾರರು ಬೂಟು ನೋಡಿರಬಹುದು. ಆದರೆ ಮೊದಲು ತಪ್ಪಿದವನು ನಾನು. ಪರೇಡಿನ ನಡಿಗೆಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ ಲೆಕ್ಕ. ಅಂಥ ಜನವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಕೈ ಓಡಿತು. ಡ್ರಮ್ ಓಡಿದರೆ ಎಲ್ಲರೂ ಓಡಬೇಕು. ಧ್ವಜದ ಮುಂದೆ ತಿರುಗುವಾಗ ಹೆಜ್ಜೆಗಳು ಕಲಸಿಹೋದವು. ನನ್ನ ವೇಗಕ್ಕೆ ಬ್ಯೂಗಲ್ ಊದುತ್ತಿದ್ದ ಗೆಳೆಯನಿಗೆ ಉಸಿರು ತೆಗೆದುಕೊಳ್ಳಲು ಜಾಗವೇ ಸಿಗಲಿಲ್ಲ. ಸ್ವರ ಒಡೆಯಿತು. ಮೈದಾನವೆಲ್ಲ ನಕ್ಕಿತು. ವಾಪಸ್ಸು ಬರುವಾಗ ಟೆಂಪೋದಲ್ಲಿ ಎಲ್ಲರೂ ಅವನನ್ನೇ ಬೈದರು. ನಾನು ಡ್ರಮ್ ತಬ್ಬಿಕೊಂಡು ಸುಮ್ಮನೆ ಕುಳಿತಿದ್ದೆ. ಮಾರನೆಯ ದಿನದಿಂದ ಅವನು ಶಾಲೆಯ ಬ್ಯೂಗಲ್ ಮುಟ್ಟಲಿಲ್ಲ.

ಈಗ ನನ್ನ ಕೆಲಸವೇ ಪರೀಕ್ಷೆ. ಒಬ್ಬರು ಬರೆದ ಪ್ರೋಗ್ರಾಂ ಸರಿಯೋ ತಪ್ಪೋ ನೋಡಲು ಒಂದೇ ಬಗೆಯ ಪ್ರಶ್ನೆ ಕೊಟ್ಟು ಉತ್ತರ ಹೋಲಿಸುತ್ತೇವೆ. ಬರೆದವರು ಯಾರು ಎಂದು ನೋಡುವುದಿಲ್ಲ. ಇದೇ ಪದ್ಧತಿ ಬ್ಯಾಂಡ್ ಸ್ಪರ್ಧೆಯಲ್ಲಿ ಬಹಳ ಹಿಂದೆಯೇ ಇತ್ತೆಂದು ಓದಿ ಆಶ್ಚರ್ಯವಾಯಿತು. 1853ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬೆಲ್‌ವ್ಯೂ ಉದ್ಯಾನದಲ್ಲಿ ಹಿತ್ತಾಳೆ ವಾದ್ಯಗಳ ದೊಡ್ಡ ಸ್ಪರ್ಧೆ ಶುರುವಾಯಿತು. ಅಲ್ಲಿ ಊದುತ್ತಿದ್ದವರು ನಮ್ಮ ನಿಮ್ಮಂಥವರು: ಬಟ್ಟೆ ಗಿರಣಿಯವರು, ಗಣಿಯವರು, ದಿನವಿಡೀ ದುಡಿದು ಸಂಜೆ ಅಭ್ಯಾಸ ಮಾಡುವವರು. ಮುಂದೆ ಎಲ್ಲ ತಂಡಗಳಿಗೂ ಒಂದೇ ಕಡ್ಡಾಯ ಕೃತಿ ಎಂಬ ನಿಯಮ ಬೆಳೆಯಿತು. ತೀರ್ಪುಗಾರರನ್ನು ಮುಚ್ಚಿದ ಗೂಡಿನೊಳಗೆ ಕೂರಿಸುವ ಪದ್ಧತಿಯೂ ಬಂತು. ಅವರಿಗೆ ನಾದ ಕೇಳಿಸಬೇಕು, ತಂಡ ಕಾಣಬಾರದು. 1913ರಲ್ಲಿ ಲಂಡನ್ನಿನ ಸ್ಪರ್ಧೆಗೆ ಪರ್ಸಿ ಫ್ಲೆಚರ್ ಎಂಬವರು ಬರೆದ ಕಡ್ಡಾಯ ಕೃತಿಯ ಹೆಸರು 'ಲೇಬರ್ ಅಂಡ್ ಲವ್', ಅಂದರೆ ದುಡಿಮೆ ಮತ್ತು ಪ್ರೀತಿ.

ಈ ವಾದ್ಯಗಳು ನಮ್ಮವಲ್ಲ ಎಂದು ಯಾರಾದರೂ ಅನ್ನಬಹುದು. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡೂ ಇದ್ದವು. ಇಂದಿಗೂ ದಸರೆಯಲ್ಲಿ ಪೊಲೀಸ್ ಬ್ಯಾಂಡ್ ಅರಮನೆಯ ಮುಂದೆ ನುಡಿಸುತ್ತದೆ. ಬಂಟ್ವಾಳದ ಕಡೆಯ ನಾಗಸ್ವರ ವಾದಕರ ಮಗನೊಬ್ಬ ಆ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ. ಅವರೇ ಮುಂದೆ ಕರ್ನಾಟಕ ಸಂಗೀತವನ್ನು ಅದೇ ವಾದ್ಯದಲ್ಲಿ ನುಡಿಸಿ ಹೆಸರಾದ ಕದ್ರಿ ಗೋಪಾಲನಾಥ್. ಒಂದು ಕಿವಿಗೆ ಒಂದು ನಾದ ಬಿದ್ದರೆ ಏನಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಈಗ ಕೇಂದ್ರ ಸರ್ಕಾರವೇ ಗಣರಾಜ್ಯೋತ್ಸವದ ಹೊತ್ತಿಗೆ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಸುತ್ತಿದೆ. ಹಿತ್ತಾಳೆ ಬ್ಯಾಂಡಿನಲ್ಲಿ ಬಾಲಕರಿಗೆ ಬೇರೆ, ಬಾಲಕಿಯರಿಗೆ ಬೇರೆ ವಿಭಾಗವಿದೆ. ನಮ್ಮ ಶಾಲೆಯ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಹೊಸ ಬ್ಯಾಂಡ್ ಸೆಟ್ ಕೊಡುತ್ತಿದ್ದೇವೆ. ಲ್ಯಾಬಿಗೆ ಕೊಡಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ಲ್ಯಾಬಿನ ಕೆಲಸವನ್ನು ಇನ್ನೊಂದು ಬ್ಯಾಚು ವಹಿಸಿಕೊಂಡಿದೆ. ಇಲ್ಲದಿದ್ದರೆ ನಾನು ಈ ಮಾತು ಎತ್ತುತ್ತಿರಲಿಲ್ಲ. ಜೊತೆಗೆ ಒಂದು ಕೋರಿಕೆ ಇದೆ. ಪ್ರತಿ ವರ್ಷ ಕಾವಲಿನ ಸುತ್ತಲ ಶಾಲೆಗಳನ್ನು ಕರೆದು ಇದೇ ಅಂಗಳದಲ್ಲಿ ಒಂದು ಸ್ಪರ್ಧೆ ಮಾಡೋಣ. ನಿಯಮ ನಾಲ್ಕೇ. ಎಲ್ಲರಿಗೂ ಒಂದು ಕಡ್ಡಾಯ ಹಾಡು, ತಿಂಗಳು ಮೊದಲೇ ತಿಳಿಸುವುದು. ಎರಡನೆಯದು ತಂಡದ ಇಷ್ಟದ್ದು, ಅದು ನಮ್ಮ ಕೋಲಾಟದ ಪದದ ಮಟ್ಟಾದರೆ ಇನ್ನೂ ಸಂತೋಷ. ಮೂರನೆಯದು, ತೀರ್ಪುಗಾರರು ಪರದೆಯ ಹಿಂದೆ. ಬೂಟಿರಲಿ, ಬರಿಗಾಲಿರಲಿ, ಅವರಿಗೆ ಕಾಣಕೂಡದು. ನಾಲ್ಕನೆಯದು, ಸೋತ ತಂಡಕ್ಕೂ ಎಲ್ಲಿ ತಪ್ಪಿತು ಎಂದು ಬರೆದುಕೊಡಬೇಕು. ಅಂದು ಯಾರಾದರೂ ಒಂದು ಚೀಟಿಯಲ್ಲಿ "ದೊಡ್ಡ ಡ್ರಮ್ ಓಡಿತು" ಎಂದು ಬರೆದುಕೊಟ್ಟಿದ್ದರೆ ಟೆಂಪೋದಲ್ಲಿ ಬೈಗುಳ ತಿನ್ನುವವನು ನಾನಾಗಿರುತ್ತಿದ್ದೆ.

ನಮ್ಮ ವರವು ಕಾವಲಿನ ಹೆಸರು ಈಗ ದೊಡ್ಡ ಪರೀಕ್ಷೆಗಳ ಜೊತೆ ಸೇರಿಹೋಗಿದೆ. ಇಲ್ಲಿನ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ಪುನರ್ಬಳಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು, ಅದು ತಾನಾಗಿಯೇ ಬಂದು ಇಳಿಯಿತು. ಅಂಥ ಪರೀಕ್ಷೆಯಲ್ಲಿ ಪ್ರತಿ ತಪ್ಪನ್ನೂ ಬರೆದಿಡುತ್ತಾರೆ, ಮುಂದಿನ ಸಲ ಸರಿಪಡಿಸಲು. ಗೋಡೆಯ ಆಚೆ ನಡೆಯುವ ಈ ಕ್ರಮ ಗೋಡೆಯ ಈಚೆಗಿನ ಮಕ್ಕಳಿಗೂ ಸಿಗಲಿ.

ಕೊನೆಯದಾಗಿ, ಇಂದು ಬೆಳಿಗ್ಗೆ ಊರ ಬಾಗಿಲಿನಿಂದ ಶಾಲೆಯವರೆಗೆ ಮೆರವಣಿಗೆಯಲ್ಲಿ ಟ್ರಂಪೆಟ್ ಊದಿದವರನ್ನು ನೀವೆಲ್ಲ ನೋಡಿದಿರಿ. ಅವನೇ ನನ್ನ ಆ ಗೆಳೆಯ. ಶಾಲೆಯ ಬ್ಯೂಗಲ್ ಬಿಟ್ಟರೂ ಅಪ್ಪನ ಟ್ರಂಪೆಟ್ ಬಿಡಲಿಲ್ಲ. ನಿನ್ನೆ ರಾತ್ರಿ ಅವನ ಮನೆಗೆ ಹೋಗಿ, ನಾಳೆ ಎಲ್ಲರೆದುರು ಹೇಳಿಬಿಡುತ್ತೇನೆ ಎಂದೆ. ಅವನು ನಕ್ಕ. "ನಂಗೆ ಅವತ್ತೇ ಗೊತ್ತಿತ್ತು ಕಣೋ, ನಿನ್ ಕೈ ಓಡ್ತಿತ್ತು" ಎಂದ. ಮತ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ಯಾರ್ ನಂಬ್ತಿದ್ರು? ಡ್ರಮ್ ತಪ್ಪಿದ್ದು ಯಾರ್ಗೂ ಗೊತ್ತಾಗಲ್ಲ, ಊದೋನ್ ತಪ್ಪು ಊರಿಗೆಲ್ಲ ಕೇಳ್ಸುತ್ತೆ" ಎಂದ.

ಗೆಳೆಯಾ, ತಪ್ಪು ನನ್ನದು. ಊರಿನವರ ಮುಂದೆ, ನಮ್ಮ ಮೇಷ್ಟ್ರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಪ್ರತಿ ಶನಿವಾರ ಮಕ್ಕಳಿಗೆ ಊದಲು ಕಲಿಸಲು ಅವನು ಒಪ್ಪಿದ್ದಾನೆ. ಬಿಟ್ಟಿಯಾಗಿ ಅಲ್ಲ, ಗೌರವಧನದ ಜವಾಬ್ದಾರಿ ನಮ್ಮ ಬ್ಯಾಚಿನದು. ಈಗ ಅವನು ವೇದಿಕೆಗೆ ಬಂದು ಹೊಸ ಟ್ರಂಪೆಟ್ಟಿನಲ್ಲಿ ಮೊದಲ ಹಾಡು ನುಡಿಸಬೇಕು. ದೊಡ್ಡ ಡ್ರಮ್ ನಾನು ಹೊಡೆಯುತ್ತೇನೆ, ಈ ಸಲ ಅವನ ಕಾಲು ನೋಡಿಕೊಂಡು.