ಸೆಪ್ಟೆಂಬರ್ ಹದಿನೇಳು



ಪಂಚಾಂಗಕ್ಕೆ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಐದು ಅಂಗಗಳು. ಗೋಡೆಗೆ ತೂಗುಹಾಕುವ ಕ್ಯಾಲೆಂಡರಿಗಾದರೋ ಮುಖ್ಯವಾದುದು ಒಂದೇ ಅಂಗ; ಅದು ಅಂಕಿ. ಆ ಅಂಕಿಯ ಕೆಳಗೆ ಸಣ್ಣಕ್ಷರಗಳಲ್ಲಿ ಇದು ಇಂಥವರ ಜಯಂತಿ, ಇಂಥ ಹಬ್ಬ, ಇಂಥ ಘಟನೆ ನಡೆದ ದಿನ ಎಂದು ಅಚ್ಚುಮಾಡುವುದುಂಟು. ಅದಕ್ಕೆ ದಿನವಿಶೇಷವೆಂದು ಹೆಸರು. ಬೆಳಗಾದರೆ ಅದರತ್ತ ಕಣ್ಣುಹಾಯಿಸುವವರು ಅನೇಕರಿದ್ದಾರೆ. ಓದಿದುದನ್ನು ಮಧ್ಯಾಹ್ನದ ಹೊತ್ತಿಗೆ ಮರೆಯುವವರೂ ಅಷ್ಟೇ ಮಂದಿ ಇರಬಹುದು.

ಸೆಪ್ಟೆಂಬರ್ 17ರ ಕೆಳಗೆ ಬರೆಯತಕ್ಕ ಸಂಗತಿಗಳಿಗೆ ಕೊರತೆಯಿಲ್ಲ. 1787ರಲ್ಲಿ ಈ ದಿನ ಫಿಲಡೆಲ್ಫಿಯಾ ನಗರದಲ್ಲಿ 39 ಮಂದಿ ಪ್ರತಿನಿಧಿಗಳು ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದರು. 1879ರಲ್ಲಿ ಈರೋಡಿನಲ್ಲಿ ಪೆರಿಯಾರ್ ಎಂದು ಪ್ರಖ್ಯಾತರಾದ ಇ. ವಿ. ರಾಮಸಾಮಿಯವರು ಜನಿಸಿದರು. ಸೂರ್ಯನು ಕನ್ಯಾರಾಶಿಯನ್ನು ಪ್ರವೇಶಿಸುವ ಕಾಲವೂ ಇದೇ ಆದುದರಿಂದ ವಿಶ್ವಕರ್ಮ ಜಯಂತಿಯೂ ಈ ದಿನವೇ ಬರುವುದು. ಇವೆಲ್ಲವೂ ಗಣ್ಯವಾದ ವಿಷಯಗಳೇ ಸರಿ. ಆದರೆ ಈ ಹೊತ್ತು ನಾನು ನಿಮ್ಮ ಗಮನವನ್ನು ಸೆಳೆಯಬೇಕೆಂದಿರುವುದು ಬೇರೊಂದು ಕಡೆಗೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಸೀಮೆಗಳಲ್ಲಿ ಈ ತಾರೀಖಿಗೆ ಏನು ಅರ್ಥ ಎಂಬುದರ ಕಡೆಗೆ.

ದಿನವನ್ನು ಗುರುತಿಸಿಡುವ ವಿದ್ಯೆ ಈ ನಾಡಿಗೆ ಹೊಸತಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಕಿರುಶಾಸನಗಳಿವೆ. ಈ ವರ್ಗದ ಶಾಸನಗಳಲ್ಲಿ ಬರುವ 256 ಎಂಬ ಅಂಕಿಯನ್ನು ಕೆಲವು ವಿದ್ವಾಂಸರು ಮೊದಲು ವರ್ಷವೆಂದು ತಿಳಿದರು; ಚಕ್ರವರ್ತಿಯು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಅನಂತರದವರು ಅರ್ಥ ಹೇಳಿದರು. ಒಂದು ಅಂಕಿಯನ್ನು ಹಿಡಿದು ಪಂಡಿತರು ಎಷ್ಟು ಕಾಲ ಚರ್ಚಿಸಬಲ್ಲರೆಂಬುದಕ್ಕೆ ಇದೊಂದು ನಿದರ್ಶನ. ತಿರುಳ್ಗನ್ನಡದ ನಾಡನ್ನು ಹೇಳುವಾಗ ಕವಿರಾಜಮಾರ್ಗವು ಹೆಸರಿಸುವ ಕೊಪಣವೇ ಈಗಿನ ಕೊಪ್ಪಳ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಚಾಲುಕ್ಯ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಅಲ್ಲಿಯ ಶಾಸನವು ದೇವಾಲಯಗಳ ಚಕ್ರವರ್ತಿಯೆಂದು ಕೊಂಡಾಡುತ್ತದೆ. ಆ ದಂಡನಾಯಕನ ಒಡೆಯನಾದ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಶಕವರ್ಷದ ಗಣನೆಯನ್ನು ಬದಿಗಿಟ್ಟು ತನ್ನ ಹೆಸರಿನಲ್ಲಿಯೇ ಒಂದು ಶಕವನ್ನು ಸ್ಥಾಪಿಸಿದನು. ಇಟಗಿಯ ಗುಡಿ ಆ ಲೆಕ್ಕದಲ್ಲಿ 37ನೆಯ ವರ್ಷದ್ದು. ಅರಸನು ಬದಲಾದರೆ ವರ್ಷದ ಅಂಕಿಯೂ ಬದಲಾಗಬಹುದು. ಆದರೆ ಮಾಸ, ಪಕ್ಷ, ತಿಥಿ, ವಾರಗಳನ್ನು ಯಾವ ಅರಸನೂ ಬದಲಿಸಲು ಹೋಗಲಿಲ್ಲ. ದಾನ ಕೊಟ್ಟ ದಿನವನ್ನು ಕಲ್ಲಿನಲ್ಲಿ ಅಷ್ಟು ವಿವರವಾಗಿ ಕೊರೆಯಿಸುತ್ತಿದ್ದುದು ಅಲಂಕಾರಕ್ಕಾಗಿ ಅಲ್ಲ. ಮುಂದೆ ಯಾರಾದರೂ ತಕರಾರು ತೆಗೆದರೆ ಆ ದಿನವೇ ಸಾಕ್ಷಿಯಾಗಿ ನಿಲ್ಲಬೇಕಾಗಿದ್ದಿತು.

ನಿಜಾಮರ ಆಳಿಕೆಯಲ್ಲಿ ಇದರ ಮೇಲೆ ಇನ್ನೊಂದು ಗಣನೆ ಬಂದಿತು. ಅದು ಫಸಲಿ. ಫಸಲು ಎಂದರೆ ಬೆಳೆ. ಬೆಳೆಯನ್ನನುಸರಿಸಿ ಕಂದಾಯವನ್ನು ಎತ್ತುವ ಅನುಕೂಲಕ್ಕಾಗಿ ಏರ್ಪಟ್ಟ ವರ್ಷವಿದು. ಕಚೇರಿಯ ಕಾಗದಕ್ಕೆ ಫಸಲಿ, ಮನೆಯ ಮದುವೆ ಮುಂಜಿಗಳಿಗೆ ಸಂವತ್ಸರ ತಿಥಿಗಳು, ರೈಲು ಟಪಾಲುಗಳಿಗೆ ಇಂಗ್ಲಿಷ್ ತಾರೀಖು. ಹೀಗೆ ಒಂದೇ ದಿನಕ್ಕೆ ಮೂರು ಹೆಸರುಗಳು ನಡೆಯುತ್ತಿದ್ದವು. 1948ನೆಯ ಸೆಪ್ಟೆಂಬರ್ 17 ಎಂದರೆ ಶಾಲಿವಾಹನ ಶಕ 1870ನೆಯ ಸರ್ವಧಾರಿ ಸಂವತ್ಸರದ ಭಾದ್ರಪದ ಶುದ್ಧ ಚತುರ್ದಶಿ, ಶುಕ್ರವಾರ. ಫಸಲಿಯಲ್ಲಿ ಅದು 1357. ಭಾದ್ರಪದ ಶುದ್ಧ ಚತುರ್ದಶಿಯೆಂದರೆ ಅನಂತಪದ್ಮನಾಭ ವ್ರತದ ದಿನವೆಂಬುದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಆ ದಿನಕ್ಕೆ ಸರಿಯಾಗಿ 57 ವಾರಗಳ ಹಿಂದಿನ ಶುಕ್ರವಾರ ಯಾವುದೆಂದು ಎಣಿಸಿ ನೋಡಿದರೆ 1947ನೆಯ ಆಗಸ್ಟ್ 15 ಸಿಗುತ್ತದೆ. ಅಂದು ಭಾರತ ಸ್ವತಂತ್ರವಾಯಿತೆಂದು ನಾವು ಹೇಳುತ್ತೇವೆ. ಆ ಮಾತು ಸತ್ಯ. ಆದರೆ ಈ ನಾಲ್ಕು ಸೀಮೆಗಳ ಮಟ್ಟಿಗೆ ಅದು ಅಂದಿನ ಸತ್ಯವಲ್ಲ. ಹೈದರಾಬಾದು ಸಂಸ್ಥಾನದ 16 ಜಿಲ್ಲೆಗಳಲ್ಲಿ ಬೀದರ, ಗುಲ್ಬರ್ಗಾ, ರಾಯಚೂರುಗಳೆಂಬ ಮೂರು ಕನ್ನಡದ ಜಿಲ್ಲೆಗಳಿದ್ದವು. ಈ ಸೀಮೆಗಳು ಆಗ ರಾಯಚೂರು ಜಿಲ್ಲೆಗೆ ಸೇರಿದ್ದವು. ತಾವು ಭಾರತಕ್ಕಾಗಲಿ ಪಾಕಿಸ್ತಾನಕ್ಕಾಗಲಿ ಸೇರುವುದಿಲ್ಲವೆಂಬ ಇಂಗಿತವನ್ನು ನಿಜಾಮರು 1947ರ ಜೂನ್ ತಿಂಗಳಿನಲ್ಲಿಯೇ ಫರ್ಮಾನಿನ ಮೂಲಕ ಹೊರಗೆಡವಿದ್ದರು. ನವೆಂಬರ್ 29ರಂದು ಯಥಾಸ್ಥಿತಿಯ ಒಪ್ಪಂದವೊಂದು ಒಂದು ವರ್ಷದ ಅವಧಿಗೆ ಏರ್ಪಟ್ಟಿತು. ಮೈಸೂರು ಸಂಸ್ಥಾನವು ಆಗಸ್ಟಿನಲ್ಲಿಯೇ ಭಾರತ ಒಕ್ಕೂಟಕ್ಕೆ ಸೇರಿದ್ದರೂ, ಜವಾಬ್ದಾರಿ ಸರಕಾರಕ್ಕಾಗಿ ಇಲ್ಲಿಯ ಜನರೂ ಅಕ್ಟೋಬರಿನವರೆಗೆ ಚಳವಳಿ ನಡೆಸಬೇಕಾಯಿತೆಂಬುದನ್ನು ನೆನೆದರೆ ಸಂಸ್ಥಾನಗಳ ಪ್ರಜೆಗಳ ಸ್ಥಿತಿ ಇನ್ನಷ್ಟು ಸ್ಪಷ್ಟವಾದೀತು.

ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿರಿ. ತುಂಗಭದ್ರೆಯ ತೆಂಕಣ ದಡದಲ್ಲಿ ಹಂಪೆ; ಅದು ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಭಾಗ. ಬಡಗಣ ದಡದಲ್ಲಿ ಆನೆಗೊಂದಿ. ಅದು ಗಂಗಾವತಿ ಸೀಮೆ, ನಿಜಾಮರ ನಾಡು. ನಡುವೆ ಇರುವುದು ಹರಿಗೋಲಿನಲ್ಲಿ ದಾಟುವಷ್ಟು ನೀರು. ವಿಜಯನಗರಕ್ಕಿಂತ ಮುಂಚಿನಿಂದಲೂ ಒಂದೇ ಬದುಕಿನ ಎರಡು ಅಂಗಳಗಳಂತಿದ್ದ ಈ ದಡಗಳ ನಡುವೆ ಸ್ವಾತಂತ್ರ್ಯವು ಹೊಳೆ ದಾಟಲು 399 ದಿನಗಳನ್ನು ತೆಗೆದುಕೊಂಡಿತು. ಪಡುವಣಕ್ಕೆ ಹೋದರೆ ಮುಂಬಯಿ ಪ್ರಾಂತದ ಗಡಿ. ಅಲ್ಲಿಯ ಮುಂಡರಗಿ, ಗಜೇಂದ್ರಗಡಗಳು ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳವರಿಗೆ ಸಂತೆಗೂ ನೆಂಟಸ್ತನಕ್ಕೂ ನೆರೆಯ ಊರುಗಳು. ರಜಾಕಾರರ ಹಾವಳಿ ಬಲಿತಾಗ ಈ ಊರುಗಳಲ್ಲಿಯೇ ಶಿಬಿರಗಳು ಎದ್ದವು. ಕೊಪ್ಪಳ ಸೀಮೆಯ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಶಿಬಿರಕ್ಕೂ, ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದ ಶಿಬಿರಕ್ಕೂ ನಾಯಕರಾಗಿದ್ದರು. ಶಿವಮೂರ್ತಿಸ್ವಾಮಿಗಳನ್ನು 1952ರ ಪ್ರಥಮ ಮಹಾಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದ ಜನರು ಪಕ್ಷೇತರರಾಗಿಯೇ ಲೋಕಸಭೆಗೆ ಕಳುಹಿಸಿದರೆಂಬುದು ಆ ಕಾಲದ ನೆನಪಿಗೆ ಜನರು ಕೊಟ್ಟ ಬೆಲೆಯನ್ನು ತೋರಿಸುತ್ತದೆ. ಗಡಿಯಾಚೆಯವರ ಮನೆಗಳಲ್ಲಿ ಆಶ್ರಯ ಪಡೆದ ಹೆಂಗಸರು ಮಕ್ಕಳ ಹೆಸರುಗಳಾದರೋ ಯಾವ ಪಟ್ಟಿಗೂ ಏರಲಿಲ್ಲ.

1948ರ ಸೆಪ್ಟೆಂಬರ್ 13ರ ಸೋಮವಾರ ಭಾರತದ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. ಮುಖ್ಯ ದಂಡು ಸೊಲ್ಲಾಪುರದಿಂದ ಹೊರಟಿತು; ಬೆಜವಾಡದ ಕಡೆಯಿಂದ ಇನ್ನೊಂದು. ಹೊಸಪೇಟೆಯ ದಿಕ್ಕಿನ ಕಾರ್ಯದಲ್ಲಿ ಮೈಸೂರಿನ ಪದಾತಿದಳವೂ ಸೇರಿದ್ದಿತು. ತುಂಗಭದ್ರೆಯ ಸೇತುವೆಯೂ ವಶವಾಯಿತು. ಐದನೆಯ ದಿನವಾದ 17ರಂದು ಪ್ರಧಾನಮಂತ್ರಿ ಮೀರ್ ಲಾಯಕ್ ಅಲಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಸಾಯಂಕಾಲ 5 ಗಂಟೆಗೆ ಕದನವಿರಾಮ. ಅಂದು ನಿಜಾಮರು ಹೈದರಾಬಾದಿನ ರೇಡಿಯೋ ನಿಲಯದಿಂದ ತಾವೇ ಮಾತನಾಡಿ ಅದನ್ನು ಪ್ರಜೆಗಳಿಗೆ ತಿಳಿಸಿದರು. ಶತಮಾನಗಳ ಕಾಲ ಫರ್ಮಾನಿನ ಕಾಗದದ ಮೂಲಕವೇ ಪ್ರಜೆಗಳೊಡನೆ ವ್ಯವಹರಿಸಿದ ಒಂದು ಮನೆತನವು ಕೊನೆಯ ಮಾತನ್ನು ಆಕಾಶವಾಣಿಯ ಮೂಲಕ ಹೇಳಬೇಕಾಗಿ ಬಂದುದನ್ನು ಈ ಪೆಟ್ಟಿಗೆಯ ಮುಂದೆ ಕುಳಿತಿರುವ ನಾನು ವಿಶೇಷವಾಗಿ ಗಮನಿಸದಿರಲಾರೆ. ಆದರೆ ರೇಡಿಯೋ ಇಲ್ಲದ ಹಳ್ಳಿಗಳೇ ಬಹಳ. ಅಂಥ ಕಡೆಗಳಿಗೆ ಸುದ್ದಿಯು ಬಾಯಿಂದ ಬಾಯಿಗೆ ನಡೆದೇ ಹೋಗಬೇಕು. ಔಪಚಾರಿಕವಾದ ಶರಣಾಗತಿ ನಡೆದದ್ದು ಮರುದಿನ, 18ರಂದು. ಸಂಸ್ಥಾನದ ಸೇನಾಪತಿ ಎಲ್ ಎದ್ರೂಸರು ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದರು. ಹುಣ್ಣಿಮೆಯೂ ಅಂದೇ. ಕಾಗದವನ್ನು ನಂಬುವವನು 18 ಎನ್ನಬಹುದು, ಜನರ ನೆನಪು 17 ಎನ್ನುತ್ತದೆ. ಈ ವಿಷಯದಲ್ಲಿ ನಾನು ಜನರ ಪಕ್ಷ.

ಇಷ್ಟಕ್ಕೇ ಕಥೆ ಮುಗಿಯಿತೆನ್ನುವಂತಿಲ್ಲ. ನಾಲ್ಕು ಸೀಮೆಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತ ಬಂದೆನಷ್ಟೆ. ಆದರೆ ಅವುಗಳ ಆಡಳಿತ ಒಂದೇ ಬಗೆಯದಾಗಿರಲಿಲ್ಲ. ಗಂಗಾವತಿ, ಕುಷ್ಟಗಿಗಳು ಸರಕಾರದ ನೇರವಾದ ಆಡಳಿತಕ್ಕೆ ಒಳಪಟ್ಟ ತಾಲ್ಲೂಕುಗಳು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಮನೆತನದ ಜಹಗೀರು. ಹೈದರಾಬಾದಿನಲ್ಲಿ 1951ರಲ್ಲಿ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡಿ ಬಂದವರು ಅಲ್ಲಿಯ ಗಡಿಯಾರ, ಗಾಜು, ಅಮೃತಶಿಲೆಗಳನ್ನು ವರ್ಣಿಸುವಾಗ, ಆ ಮನೆತನಕ್ಕೆ ಕಂದಾಯ ಕೊಟ್ಟ ಊರುಗಳಲ್ಲಿ ಕೊಪ್ಪಳದ ಜೋಳದ ಹೊಲಗಳೂ ಸೇರಿದ್ದವೆಂಬುದನ್ನು ಒಮ್ಮೆ ನೆನೆಯಬಹುದು. ಜಹಗೀರಿನ ರೈತನಿಗೆ ನಿಜಾಮನು ದೂರದ ಒಡೆಯ; ಹತ್ತಿರದವನು ಜಹಗೀರಿನ ಅಧಿಕಾರಿ. ದೂರದವನು ಶರಣಾದರೂ ಹತ್ತಿರದ ಕಚೇರಿ ಕೂಡಲೇ ಮುಚ್ಚಲಿಲ್ಲ. ಜಹಗೀರುಗಳನ್ನು ರದ್ದುಮಾಡಿದ ಕಾನೂನು ಜಾರಿಗೆ ಬಂದುದು 1949ರ ಆಗಸ್ಟ್ 15ರಂದು. ಆ ಕಾನೂನಿನ ಹೆಸರಿನಲ್ಲಿಯೂ 1358 ಫಸಲಿ ಎಂದೇ ಇದೆ. ಹಾಗಾದರೆ ಯಲಬುರ್ಗಾದ ಒಬ್ಬ ಒಕ್ಕಲಿಗನಿಗೆ ಸ್ವಾತಂತ್ರ್ಯ ಬಂದ ದಿನ ಯಾವುದು? 1947, 1948, 1949 ಈ ಮೂರರಲ್ಲಿ ಯಾವುದನ್ನು ಹೇಳಿದರೂ ಅವನ ಉತ್ತರಕ್ಕೆ ಒಂದು ಆಧಾರವುಂಟು. ಕನ್ನಡ ನಾಡಿನೊಳಗೆ ಸೇರಿದ ದಿನವನ್ನೇ ಅವನು ಲೆಕ್ಕಕ್ಕೆ ಹಿಡಿಯುವುದಾದರೆ 1956ರ ನವೆಂಬರ್ 1ರವರೆಗೂ ಕಾಯಬೇಕು. ಅಲ್ಲಿಯತನಕ ಹೈದರಾಬಾದು ರಾಜ್ಯಕ್ಕೆ ನಿಜಾಮರೇ ರಾಜಪ್ರಮುಖರಾಗಿದ್ದರು.

ಈ ದಿನದ ಇನ್ನೊಂದು ಮುಖವನ್ನು ಹೇಳದೆ ಬಿಟ್ಟರೆ ಲೋಪವಾದೀತು. ರಜಾಕಾರರ ಕಾಲದಲ್ಲಿ ಬೀದರ ಜಿಲ್ಲೆಯ ಗೋರಟಾದಂಥ ಊರುಗಳು ಪಟ್ಟ ಪಾಡನ್ನು ನಾವು ವರ್ಷವರ್ಷವೂ ಸ್ಮರಿಸುತ್ತೇವೆ, ಸ್ಮರಿಸತಕ್ಕದ್ದೇ ನ್ಯಾಯ. ಆದರೆ 17ರ ತರುವಾಯದ ದಿನಗಳಲ್ಲಿ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರೂ ಅಸಂಖ್ಯರಾಗಿ ಕೊಲೆಯಾದರು. ಭಾರತ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ತಂಡವು 1948ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಊರೂರು ತಿರುಗಿ, ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜು ಮಾಡಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳು ಹೆಚ್ಚಾಗಿ ನೊಂದವು. ಆ ವರದಿ ದಶಕಗಳವರೆಗೆ ಬೆಳಕಿಗೆ ಬರಲಿಲ್ಲ. ಒಂದೇ ಓಣಿಯಲ್ಲಿ ಒಂದು ಮನೆಯವರಿಗೆ ಭಯ ಮುಗಿದ ದಿನವು ಪಕ್ಕದ ಮನೆಯವರಿಗೆ ಭಯ ಮೊದಲಾದ ದಿನವಾಗಿರಬಹುದು. ಕ್ಯಾಲೆಂಡರಿನ ಚಿಕ್ಕ ಚೌಕದಲ್ಲಿ ಇವೆರಡಕ್ಕೂ ಸ್ಥಳ ಸಾಲದೆಂದು ಒಂದನ್ನು ಅಳಿಸುವುದು ಸರಿಯೆಂದು ನನಗೆ ತೋರುವುದಿಲ್ಲ.

ಪ್ರಾಯಶಃ ಈ ಕಾರಣದಿಂದಲೇ ಇರಬೇಕು, ಈ ದಿನಕ್ಕೆ ಹೆಸರು ನಿಲ್ಲುವುದೇ ಕಷ್ಟವಾಗಿದೆ. ಕರ್ನಾಟಕದಲ್ಲಿ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಆಚರಿಸುತ್ತಿದ್ದುದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಬಸವಾದಿ ಶರಣರ ಕಲ್ಯಾಣದ ಹೆಸರನ್ನು ನಾಡಿಗೆ ಇಟ್ಟದ್ದು ಒಪ್ಪುವಂಥದೇ. ಮರಾಠವಾಡದವರು ಇದನ್ನು ಮುಕ್ತಿಸಂಗ್ರಾಮದ ದಿನವೆನ್ನುತ್ತಾರೆ. ತೆಲಂಗಾಣದಲ್ಲಿ ಸರಕಾರ ಬದಲಾದಂತೆ ಹೆಸರೂ ಬದಲಾಗಿದೆ. ಚಾಲುಕ್ಯ ವಿಕ್ರಮ ಶಕದ ವಿಷಯ ಹೇಳಿದೆನಲ್ಲ, ಇದೂ ಆ ಜಾತಿಯದೇ. ಜಿಲ್ಲೆಯ ಮುಖ್ಯಸ್ಥಳಗಳಲ್ಲಿ ಧ್ವಜಾರೋಹಣವಾಗುತ್ತದೆ, ಭಾಷಣಗಳಾಗುತ್ತವೆ. 1997ರಲ್ಲಿ ಜಿಲ್ಲೆಯಾದ ಕೊಪ್ಪಳದಲ್ಲಿಯೂ ಹಾಗೆಯೇ. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗಕ್ಕೆ ದೊರೆತ ಮೀಸಲಾತಿ, ಅನುದಾನಗಳ ಮಾತೂ ಆ ವೇದಿಕೆಗಳಲ್ಲಿ ಬರುವುದುಂಟು. ಅದೆಲ್ಲ ಆಗಲಿ. ಆದರೆ ಮುಂಡರಗಿಯ ಶಿಬಿರಕ್ಕೆ ಬುತ್ತಿ ಹೊತ್ತವರಾರು, ಆನೆಗೊಂದಿಯ ಹರಿಗೋಲಿನಲ್ಲಿ ರಾತ್ರಿ ದಾಟಿದವರಾರು, ನೆರೆಮನೆಯ ಮುಸಲ್ಮಾನ ಕುಟುಂಬವನ್ನು ಅಡಗಿಸಿಟ್ಟವರಾರು ಎಂಬುದು ಭಾಷಣ ಮಾಡುವವರಿಗೆ ತಿಳಿದಿರುವ ಸಂಭವ ಕಡಿಮೆ. ತಿಳಿದವರು ವೇದಿಕೆಯ ಮೇಲಿಲ್ಲ, ಮನೆಯ ಪಡಸಾಲೆಯಲ್ಲಿದ್ದಾರೆ. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ 85 ಮೀರಿತು. ಶಾಲೆಯ ಉಪಾಧ್ಯಾಯರು ಈ ದಿನ ಮಕ್ಕಳಿಂದ ಪ್ರಬಂಧ ಬರೆಯಿಸುವ ಬದಲು ಅವರನ್ನು ಒಬ್ಬೊಬ್ಬ ಅಜ್ಜ ಅಜ್ಜಿಯರ ಬಳಿಗೆ ಕಳುಹಿಸಿ, ಅವರು ಹೇಳಿದುದನ್ನು ಹೇಳಿದಂತೆಯೇ, ಊರಿನ ಹೆಸರು ಸಹಿತ ಬರೆದು ತರಿಸುವುದಾದರೆ ಎಷ್ಟೋ ಒಳ್ಳೆಯದು. ಹಿರಿಯರು ತಾರೀಖನ್ನು ತಪ್ಪಾಗಿ ಹೇಳಿದರೆ ಮಕ್ಕಳು ತಿದ್ದಬಾರದು. ಅನಂತನ ಹಬ್ಬದ ದಿನ ಎಂದೋ, ಸಜ್ಜೆ ತೆನೆ ಕಟ್ಟಿದ ಕಾಲ ಎಂದೋ ಅವರು ಹೇಳಿದರೆ ಅದನ್ನೇ ಬರೆದುಕೊಳ್ಳಲಿ.

ಅನಂತ ಚತುರ್ದಶಿಯು ಸೆಪ್ಟೆಂಬರ್ 17ರಂದೇ ಪ್ರತಿವರ್ಷವೂ ಬರುವುದಿಲ್ಲವೆಂಬುದು ಎಲ್ಲರೂ ಬಲ್ಲ ವಿಷಯ. ಚಾಂದ್ರಮಾನದ ತಿಥಿಯೂ ಇಂಗ್ಲಿಷ್ ತಾರೀಖೂ ಸುಮಾರು 19 ವರ್ಷಗಳಿಗೊಮ್ಮೆ ಮರಳಿ ಸಂಧಿಸುತ್ತವೆ. 1948ರ ತರುವಾಯ 2005ರಲ್ಲಿಯೂ, 2024ರಲ್ಲಿಯೂ ಅವೆರಡೂ ಹೀಗೆ ಒಂದೇ ದಿನ ಕೂಡಿದವು.  2043ಕ್ಕೆ ಆ ಶುಕ್ರವಾರಕ್ಕೆ 95 ವರ್ಷ ತುಂಬಿರುತ್ತದೆ.